ಸಿಡುಕಿನ ಗಿರಾಕಿ, ಸಿಹಿಮಾತಿನ ಗಿರಾಕಿ

(ಬಾಗಲಕೋಟೆ ಜಿಲ್ಲೆಯ ನೇಕಾರ ಕುಟುಂಬಗಳು ಮತ್ತು ಸ್ವಸಹಾಯ ಸಂಘಗಳ ಸದಸ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಆನ್‌ಲೈನಿನಲ್ಲಿ ಇಳಕಲ್ ಸೀರೆ ಮಾರುವಾಗ ಕಾಟ ಕೊಡುವ ಗಿರಾಕಿಗಳನ್ನು ನಿಭಾಯಿಸುವುದು ಹೇಗೆ ಎಂಬ ಬಗ್ಗೆ ಮಾತನಾಡಲು ಕರೆದಿದ್ದೀರಿ. ಕರೆಯುವಾಗಲೇ ಒಬ್ಬರು, "ಬೈಸಿಕೊಂಡು ಬೈಸಿಕೊಂಡು ಸಾಕಾಗಿದೆ, ಏನಾದರೂ ಮದ್ದು ಹೇಳಿ" ಎಂದರು. ಬೈಗುಳಕ್ಕೆ ನನ್ನ ಹತ್ತಿರ ಮದ್ದಿಲ್ಲ. ಆದರೆ ಈ ವ್ಯಾಪಾರದಲ್ಲಿದ್ದು ಒಂದು ಮಾತು ಮನದಟ್ಟಾಗಿದೆ: ಮಾತಿನ ಧಾಟಿ ನೋಡಿ ಗಿರಾಕಿಯನ್ನು ಅಳೆದರೆ ಕೆಡುತ್ತೇವೆ. ರೇಗಾಡುವವರ ದೂರು ಎಷ್ಟೋ ಸಲ ನ್ಯಾಯವಾಗಿಯೇ ಇರುತ್ತದೆ. ಒಂದು ಪೈಸೆ ಚೌಕಾಶಿ ಮಾಡದೆ "ಆಗಲಿ ಮೇಡಂ, ಈಗಲೇ ಹಣ ಹಾಕುತ್ತೇನೆ" ಎನ್ನುವವರೇ ಕೆಲವೊಮ್ಮೆ ಖಾತೆ ಬಳಿದುಕೊಂಡು ಹೋಗುತ್ತಾರೆ.

ಮೊದಲು ರೇಗಾಡುವವರ ವಿಷಯ. ಹೈದರಾಬಾದಿನ ಒಬ್ಬ ಮಹಿಳೆ ಕಳಿಸಿದ ಸಂದೇಶ ಹೀಗಿತ್ತು: "ಹರಿದ ಸೀರೆಗೆ ಬೇರೆ ಸೆರಗು ಜೋಡಿಸಿ ಕಳಿಸಿದ್ದೀರಿ. ನಾಚಿಕೆಯಾಗಬೇಕು ನಿಮಗೆ." ಜೊತೆಗೆ ಒಂದು ಫೋಟೊ. ಒಡಲು ಮುಗಿದು ಸೆರಗು ಶುರುವಾಗುವ ಕಡೆ ಅಡ್ಡಕ್ಕೆ ಸಾಗುವ ಗೆರೆಗೆ ಕೆಂಪು ಸುತ್ತು ಹಾಕಿದ್ದರು. ಆಗಲೇ ನಗುತ್ತಿದ್ದೀರಿ, ಯಾಕೆಂದರೆ ಅದು ಕೊಂಡಿ ಎಂದು ನಿಮಗೆ ಗೊತ್ತು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿ, ಆಮೇಲೆ ಟೋಪ ತೆನಿ ಎಂಬ ಸೆರಗನ್ನು ನೇಯುವುದು ಇಳಕಲ್ ಸೀರೆಯ ಗುರುತು. ಗಂಟೆಗಟ್ಟಲೆ ಕೂತು ಮಾಡುವ ಕೆಲಸ ಅದು. ಯಂತ್ರಮಗ್ಗದ ಅಗ್ಗದ ನಕಲಿನಲ್ಲಿ ಸಾಮಾನ್ಯವಾಗಿ ಇಲ್ಲದಿರುವುದೂ ಅದೇ. ಅಂದರೆ ಆಕೆ ದೋಷವೆಂದು ಸುತ್ತು ಹಾಕಿದ್ದು ಸೀರೆಯ ಅಸಲಿತನದ ಮುದ್ರೆಗೆ!

ನಗುವುದು ಸುಲಭ. ಆದರೆ ಆಕೆಯ ಕಡೆಯಿಂದ ನೋಡಿ. ಇಳಕಲ್ ಸೀರೆಯನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದವರು ಅವರು. ನಮ್ಮವರು ಸಾಮಾನ್ಯವಾಗಿ ಹಾಕುವ ಫೋಟೊಗಳಲ್ಲಿ ನೆರಿಗೆ ಇರುತ್ತದೆ, ಅಂಚಿನ ದಡಿ ಇರುತ್ತದೆ, ಹರಡಿದ ಸೆರಗು ಇರುತ್ತದೆ. ಒಡಲಿಗೂ ಸೆರಗಿಗೂ ನಡುವಿನ ಆ ಗೆರೆ ಮಾತ್ರ ಮಡಿಕೆಯೊಳಗೆ ಅಡಗಿರುತ್ತದೆ. ಅಂಗಡಿಯಲ್ಲಾಗಿದ್ದರೆ ಗಾದಿಯ ಮೇಲೆ ಕೂತವರು ಸೀರೆ ಬಿಚ್ಚಿ, ಬೆರಳಿಟ್ಟು ತೋರಿಸಿ, "ನೋಡ್ರಿ, ಇದು ಕೊಂಡಿ" ಎಂದು ತಾವಾಗಿಯೇ ಹೇಳುತ್ತಿದ್ದರು. ಮೊಬೈಲಿನಲ್ಲಿ ಆ ಬೆರಳಿನ ಕೆಲಸವನ್ನು ಯಾರೂ ಮಾಡಿರಲಿಲ್ಲ. ಹಾಗಾಗಿ ಆಕೆಯ ಭಾಷೆ ಒರಟಾಗಿದ್ದರೂ ಪ್ರಶ್ನೆ ಸರಿಯಾಗಿತ್ತು.

ಆಕೆಗೆ ಬರೆದ ಉತ್ತರ ಇಷ್ಟು: "ನೀವು ಗುರುತು ಮಾಡಿರುವುದು ಹೊಲಿಗೆಯಲ್ಲ. ಸೆರಗಿನ ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳಿಗೆ ಕೈಯಿಂದ ಕೊಂಡಿ ಹಾಕಿ ಕೂಡಿಸಿದ ಜಾಗ. ಮಗ್ಗದ ಮೇಲೆ ಇದನ್ನು ಮಾಡುವ ವಿಡಿಯೊ ಕಳಿಸುತ್ತಿದ್ದೇನೆ. ನೋಡಿದ ಮೇಲೂ ಬೇಡ ಎನಿಸಿದರೆ ಸೀರೆ ವಾಪಸ್ ಕಳಿಸಿ, ಹಣ ಹಿಂತಿರುಗಿಸುತ್ತೇನೆ." ಇದರಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. "ನಿಮಗೆ ಕೈಮಗ್ಗದ ಬಗ್ಗೆ ಗೊತ್ತಿಲ್ಲ" ಎಂಬ ಮಾತಿಲ್ಲ. "ನಮ್ಮದು ಮೂರು ತಲೆಮಾರಿನ ಕಸುಬು" ಎಂಬ ಭಾಷಣವಿಲ್ಲ. ನಾಚಿಕೆಯ ಮಾತಿಗೆ ಪ್ರತಿಮಾತೂ ಇಲ್ಲ. ಆಕೆ ಸೀರೆ ಇಟ್ಟುಕೊಂಡರು. ಮುಂದೆ ತಮ್ಮ ತಂಗಿಗೆಂದು ಇನ್ನೊಂದು ತರಿಸಿಕೊಂಡಾಗ ಮೊದಲು ಕೇಳಿದ್ದೇ, "ಕೊಂಡಿ ಇರುವುದೇ ತಾನೆ?"

ಹೀಗೆ ದೂರಿನ ರೂಪದಲ್ಲಿ ಬರಬಹುದಾದದ್ದನ್ನೆಲ್ಲ ಮೊದಲೇ ಫೋಟೊದಲ್ಲಿ ತೋರಿಸಿಬಿಡಿ. ಕೊಂಡಿಯ ಹತ್ತಿರದ ಚಿತ್ರ ಒಂದು ಇರಲಿ. ಮಗ್ಗದ ಮೇಲೆ ಬಟ್ಟೆಯನ್ನು ಅಗಲಕ್ಕೆ ಬಿಗಿದು ಹಿಡಿದಾಗ ಅಂಚಿನಲ್ಲಿ ಬೀಳುವ ಸಣ್ಣ ತೂತುಗಳು, ಅಲ್ಲಲ್ಲಿ ದಪ್ಪಗಾಗುವ ಎಳೆ, ಹಿಂಬದಿಯ ಗಂಟು ಎಲ್ಲವನ್ನೂ ಎರಡು ಸಾಲಿನಲ್ಲಿ ಬರೆಯಿರಿ. ಸೆರಗು ಶುದ್ಧ ರೇಷ್ಮೆಯೋ ಚಮಕಾ ಎನ್ನುವ ಕೃತಕ ರೇಷ್ಮೆಯೋ ಎಂಬುದನ್ನು ಬಿಡಿಸಿ ಬರೆಯಿರಿ. ಇದನ್ನು ಮುಚ್ಚಿಟ್ಟು ಮಾರುವವರು ನಮ್ಮ ನಡುವೆಯೇ ಇದ್ದಾರೆ, ಆಮೇಲೆ ಗಿರಾಕಿ ಜಗಳಗಂಟಿ ಎಂದು ಗೋಳಾಡುವವರೂ ಅವರೇ. ಅವರ ಬಗ್ಗೆ ನನಗೆ ಮರುಕವಿಲ್ಲ.

ಬಣ್ಣದ ತಕರಾರು ಇದಕ್ಕಿಂತ ಹೆಚ್ಚು. ಅದರಲ್ಲೂ ಕೆಂಪು ದಡಿಯ ಕಪ್ಪು ಸೀರೆ ಚಂದ್ರಕಾಳಿಯದು. ಮೊಬೈಲಿನ ಕ್ಯಾಮೆರಾ ಚೌಕಟ್ಟಿನ ತುಂಬ ಕಪ್ಪು ಕಂಡರೆ ಬೆಳಕು ಸಾಲದೆಂದು ತಿಳಿದು ತಾನೇ ಚಿತ್ರವನ್ನು ಬೆಳಗಿಸುತ್ತದೆ. ಕಪ್ಪು ಬೂದಿಯಾಗುತ್ತದೆ, ಕೆಂಪು ದಡಿ ಕಿತ್ತಳೆಯ ಕಡೆಗೆ ತಿರುಗುತ್ತದೆ. ಪರದೆಯ ಮೇಲೆ ಸೀರೆಯನ್ನು ಮುಟ್ಟಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಕಪ್ಪು ಕಪ್ಪಾಗಿಯೇ ಬರುತ್ತದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆಯಬೇಡಿ, ಸುಡುಬಿಸಿಲಿನಲ್ಲೂ ಬೇಡ. ಬೆಳಗಿನ ಹೊತ್ತು ಪಡಸಾಲೆಯ ನೆರಳಿನಲ್ಲಿ, ಪಕ್ಕಕ್ಕೊಂದು ಬಿಳಿ ಪಂಚೆ ಹಾಸಿ ತೆಗೆಯಿರಿ. ಆ ಬಿಳಿ ಬಿಳಿಯಾಗಿ ಕಂಡರೆ ಉಳಿದ ಬಣ್ಣಗಳೂ ಹೆಚ್ಚುಕಡಿಮೆ ಸರಿ ಇವೆ ಎಂದರ್ಥ. ದುಡ್ಡು ಪಡೆಯುವ ಮೊದಲು ಒಂದು ಸಣ್ಣ ವಿಡಿಯೊ ಕಳಿಸಿ, "ಬಣ್ಣ ಒಪ್ಪಿಗೆಯೇ?" ಎಂದು ಕೇಳಿ, "ಒಪ್ಪಿಗೆ" ಎಂಬ ಉತ್ತರ ಬರೆಸಿಕೊಳ್ಳಿ. ಬಣ್ಣದ ಜಗಳಗಳಲ್ಲಿ ಹೆಚ್ಚಿನವು ಆ ಒಂದು ಪದಕ್ಕೇ ಮುಗಿಯುತ್ತವೆ.

ಇನ್ನು ಚೌಕಾಶಿ. ಚೌಕಾಶಿ ಮಾಡುವವರನ್ನು ಕಾಟದ ಗಿರಾಕಿಗಳ ಪಟ್ಟಿಗೆ ಸೇರಿಸುವುದೇ ನನಗೆ ಸರಿ ಕಾಣುವುದಿಲ್ಲ. ಸಂತೆಯಲ್ಲಿ ಬೆಲೆ ಕೇಳದೆ ಬದನೆಕಾಯಿ ಕೊಳ್ಳದ ನಾವು, ನಮ್ಮ ಸೀರೆಗೆ ಯಾರಾದರೂ "ಕೊನೆಯ ಬೆಲೆ ಹೇಳಿ" ಎಂದರೆ ಮುಖ ಊದಿಸುತ್ತೇವೆ. ಬೆಲೆ ಕೇಳುವವರು ಕೊಳ್ಳುವ ಮನಸ್ಸುಳ್ಳವರು. ಆದರೆ ಕೇಳಿದಾಗಲೆಲ್ಲ ನೂರು ನೂರು ಇಳಿಸುತ್ತ ಹೋದರೆ ಮೊದಲು ಹೇಳಿದ ಬೆಲೆಯೇ ಸುಳ್ಳೆಂದು ನಾವೇ ಒಪ್ಪಿಕೊಂಡಂತೆ. ನಾನು ಬೆಲೆ ಇಳಿಸುವುದಕ್ಕಿಂತ ಏನಾದರೂ ಸೇರಿಸುತ್ತೇನೆ: ಸೆರಗಿಗೆ ಕುಚ್ಚು ಕಟ್ಟಿಸಿಕೊಡುವುದು, ಎರಡು ಸೀರೆ ಕೊಂಡರೆ ಒಂದು ಗುಳೇದಗುಡ್ಡದ ರವಿಕೆ ಖಣ, ಅಥವಾ ಅಂಚೆ ವೆಚ್ಚ ನಮ್ಮದು. ಗಿರಾಕಿಗೂ ಗೆದ್ದ ಸಮಾಧಾನ, ನೇಕಾರರ ಕೂಲಿಗೂ ಕತ್ತರಿ ಬೀಳುವುದಿಲ್ಲ. "ಇದೇ ಸೀರೆ ಬೇರೆ ಕಡೆ ಅರ್ಧ ಬೆಲೆಗೆ ಇದೆ" ಎಂದು ಚಿತ್ರ ಕಳಿಸುವವರಿಗೆ ಆ ಮಾರಾಟಗಾರರನ್ನು ಹೀಯಾಳಿಸದೆ, "ಕೊಂಡಿಯ ಫೋಟೊ ಕೇಳಿ ನೋಡಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ.

"ನನಗೆ ಎತ್ತಿಡಿ" ಎಂದು ಹೇಳಿ ಮಾಯವಾಗುವವರಿಗೆ ಮರುದಿನ ಸಂಜೆಯ ಗಡುವು ಸಾಕು. ಮುಂಗಡ ಬಾರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಮೊದಲೇ ಹೇಳಿ, ಹಾಗೆಯೇ ಕೊಟ್ಟುಬಿಡಿ.

ತಲುಪಿದ ಮೇಲೆ ಹಣ ಕೊಡುವ ಪದ್ಧತಿಯ ಸಂಕಟ ಬೇರೆ. ಇದನ್ನು ಹೊಸ ಪೀಡೆ ಎಂದುಕೊಳ್ಳಬೇಡಿ. ನಮ್ಮ ಅಂಚೆ ಇಲಾಖೆ ಬಾಗಿಲಲ್ಲಿ ಹಣ ಪಡೆದು ಪಾರ್ಸೆಲ್ ಕೊಡುವ ವಿ.ಪಿ.ಪಿ. ಶುರು ಮಾಡಿದ್ದು 1877ರಲ್ಲಿ. ಕನ್ನಡ ಪುಸ್ತಕ ಪ್ರಕಾಶಕರನ್ನು ಕೇಳಿ ನೋಡಿ, ಕಾರ್ಡು ಬರೆದು ಪುಸ್ತಕ ತರಿಸಿ, ಪೋಸ್ಟ್‌ಮನ್ ಬಾಗಿಲಿಗೆ ಬಂದಾಗ "ನಾವು ತರಿಸಿಲ್ಲ" ಎಂದವರ ಕಥೆ ಹೇಳುತ್ತಾರೆ. ಈಗಲೂ ಅಷ್ಟೇ. ಅರ್ಧ ರಾತ್ರಿ ಉಮೇದಿನಲ್ಲಿ ಆರ್ಡರ್ ಮಾಡುತ್ತಾರೆ, ಪಾರ್ಸೆಲ್ ಬರುವಷ್ಟರಲ್ಲಿ ಉಮೇದು ಇಳಿದಿರುತ್ತದೆ. ಹೋಗುವ ವೆಚ್ಚ ನಮ್ಮದು, ಮರಳಿ ಬರುವ ವೆಚ್ಚವೂ ಬಹುಪಾಲು ನಮ್ಮ ತಲೆಗೇ; ನಡುವೆ ಆ ಸೀರೆ ಬೇರೆ ಯಾರಿಗೂ ಮಾರಲಾಗದೆ ದಾರಿಯಲ್ಲಿ ಕೂತಿರುತ್ತದೆ. ಕಳಿಸುವ ಮೊದಲು ಒಂದು ಕರೆ ಮಾಡಿ, ವಿಳಾಸ ಓದಿಸಿ, ಅಂಚೆ ವೆಚ್ಚದಷ್ಟನ್ನಾದರೂ ಮುಂಗಡ ಕೇಳಿ. ಅಷ್ಟನ್ನೂ ಕೊಡಲಾರದವರು ಬಾಗಿಲಲ್ಲಿ ಪೂರ್ತಿ ಬೆಲೆ ಕೊಡುತ್ತಾರೆ ಎಂದು ನಂಬುವುದು ಕಷ್ಟ.

ಉಟ್ಟು ವಾಪಸ್ ಮಾಡುವವರು ಇದ್ದೇ ಇದ್ದಾರೆ. ಮದುವೆಗೆ ಎರಡು ದಿನ ಮೊದಲು ತಲುಪಿದ ಸೀರೆ, ಮದುವೆಯ ಮರುದಿನ "ಬಟ್ಟೆ ಒರಟು" ಎಂದು ಹಿಂದಿರುಗುತ್ತದೆ. ಬಿಚ್ಚಿದರೆ ಮಲ್ಲಿಗೆಯ ವಾಸನೆ, ದಡಿಯ ಮೇಲೆ ಅರಿಶಿನ. ಸೆರಗಿನ ಹೊರಗಡೆಯೇ, ಉಟ್ಟರೆ ಎಲ್ಲರಿಗೂ ಕಾಣುವ ಕಡೆ, ಒಂದು ಚೀಟಿಯನ್ನು ದಾರದಿಂದ ಕಟ್ಟಿ. ಚೀಟಿ ಕಿತ್ತಿದ್ದರೆ, ಫಾಲ್ ಹಚ್ಚಿದ್ದರೆ, ರವಿಕೆ ಖಣ ಕತ್ತರಿಸಿದ್ದರೆ, 'ಮನಸ್ಸಿಗೆ ಬರಲಿಲ್ಲ' ಎಂಬ ಕಾರಣಕ್ಕೆ ವಾಪಸ್ ಪಡೆಯುವುದಿಲ್ಲ ಎಂದು ಅದರ ಮೇಲೆಯೇ ಬರೆದಿರಿ.

"ಡಬ್ಬಿ ಖಾಲಿ ಬಂತು" ಎನ್ನುವವರೂ ಇದ್ದಾರೆ. ಇವರೆಲ್ಲ ಕಳ್ಳರಲ್ಲ, ದಾರಿಯಲ್ಲಿ ಪಾರ್ಸೆಲ್ ಬಿಚ್ಚಿ ಕದಿಯುವುದೂ ನಡೆಯುತ್ತದೆ. ಆದ್ದರಿಂದ ಮೊದಲೇ ಆರೋಪ ಹೊರಿಸಬೇಡಿ, ಲೆಕ್ಕ ಇಟ್ಟುಕೊಳ್ಳಿ. ಸ್ಪೀಡ್ ಪೋಸ್ಟ್ ರಸೀದಿಯಲ್ಲಿ ಪಾರ್ಸೆಲ್ಲಿನ ತೂಕ ಗ್ರಾಂಗಳಲ್ಲಿ ಅಚ್ಚಾಗಿರುತ್ತದೆ. ನಮ್ಮಲ್ಲಿ ಬಹಳ ಜನ ಪಾರ್ಸೆಲ್ ನಂಬರನ್ನು ಗಿರಾಕಿಗೆ ಕಳಿಸಿ, ರಸೀದಿಯನ್ನು ಮೂಲೆಗೆಸೆಯುತ್ತಾರೆ. ಅದರ ಫೋಟೊ ತೆಗೆದಿಡಿ. ಸೀರೆ ಮಡಿಸಿ, ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಟೇಪ್ ಸುತ್ತಿ, ವಿಳಾಸ ಅಂಟಿಸುವವರೆಗಿನ ಕೆಲಸವನ್ನು ನಿಲ್ಲಿಸದೆ ಒಂದೇ ವಿಡಿಯೊದಲ್ಲಿ ಹಿಡಿಯಿರಿ. ಮಾರಾಟ ತಾಣದ ಮೂಲಕ ಕಳಿಸಿದ್ದರೆ, ಅವರು ಕೊಡುವ ಗಡುವಿನೊಳಗೆ ಇದನ್ನೆಲ್ಲ ಲಗತ್ತಿಸಿ ತಕರಾರು ಹಾಕಬೇಕು. ಗಡುವು ಮೀರಿದರೆ ಸತ್ಯ ನಮ್ಮ ಕಡೆ ಇದ್ದರೂ ಕೇಳುವವರಿಲ್ಲ.

ಈಗ ಕಾನೂನಿನ ಮಾತು, ಸ್ವಲ್ಪ ಕಹಿ. "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಎಂದು ಪುಟದ ತಲೆಯಲ್ಲಿ ಬರೆದುಕೊಂಡು ನೆಮ್ಮದಿಯಾಗಿದ್ದೀರಿ. ಆ ಬರಹಕ್ಕೆ ನೀವು ಅಂದುಕೊಂಡಷ್ಟು ಬಲವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. 2020ರ ಇ-ಕಾಮರ್ಸ್ ನಿಯಮಗಳು ಇನ್ನೂ ಮುಂದೆ ಹೋಗಿ, ಮಾರಾಟ ತಾಣದಲ್ಲಿ ಮಾರುವವರು ವರ್ಣಿಸಿದಂತೆ ಇಲ್ಲದ ಮಾಲನ್ನೂ ವಾಪಸ್ ಪಡೆಯಲೇಬೇಕು ಎನ್ನುತ್ತವೆ. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಅಂದರೆ ಗುವಾಹಟಿಯ ಗಿರಾಕಿಗೆ ಗುವಾಹಟಿಯಲ್ಲೇ ದಾರಿ ಇದೆ, ನಾವು ಇಲ್ಲಿಂದ ಉತ್ತರಿಸಬೇಕು. ಮನೆಯ ಹಳೆಯ ಮಂಚವನ್ನು ಒಮ್ಮೆ ಮಾರುವವರಿಗೆ ಈ ಇ-ಕಾಮರ್ಸ್ ನಿಯಮಗಳು ಅನ್ವಯಿಸುವುದಿಲ್ಲ. ಕಸುಬಾಗಿ ಮಾರುವವರಿಗೆ ಆ ವಿನಾಯಿತಿ ಸಿಗದು. "ಬಿಚ್ಚುವ ವಿಡಿಯೊ ಇಲ್ಲದಿದ್ದರೆ ದೂರು ಕೇಳುವುದೇ ಇಲ್ಲ" ಎಂಬ ಷರತ್ತು ಈಗ ಎಲ್ಲ ಕಡೆ ಕಾಣುತ್ತದೆ. ವಿಡಿಯೊ ಕೇಳಿ, ತಪ್ಪಿಲ್ಲ. ಆದರೆ ಸೀರೆ ನಿಜವಾಗಿಯೂ ಹರಿದಿದ್ದರೆ ವಿಡಿಯೊ ಇಲ್ಲವೆಂಬ ನೆಪ ನಿಲ್ಲುತ್ತದೆ ಎಂದುಕೊಳ್ಳಬೇಡಿ.

"ಹಣ ವಾಪಸ್ ಮಾಡದಿದ್ದರೆ ಒಂದು ಸ್ಟಾರ್ ಕೊಡುತ್ತೇನೆ" ಎಂಬ ಬೆದರಿಕೆ ಬಂದರೆ ಸ್ಟಾರಿನ ಮಾತನ್ನು ಬದಿಗಿಟ್ಟು ದೂರನ್ನಷ್ಟೇ ನೋಡಿ. ದೂರು ಸರಿಯಿದ್ದರೆ ಬೆದರಿಕೆ ಇಲ್ಲದಿದ್ದರೂ ಹಣ ಕೊಡಬೇಕಿತ್ತು, ಕೊಡಿ. ಸರಿಯಿಲ್ಲದಿದ್ದರೆ ಕೊಡಬೇಡಿ, ಸ್ಟಾರ್ ಬೀಳಲಿ. ಅದರ ಕೆಳಗೆ ಒಂದೇ ಒಂದು ಉತ್ತರ ಬರೆಯಿರಿ, ಅದೂ ಮುಂದೆ ಓದುವ ಹೊಸ ಗಿರಾಕಿಗಾಗಿ: ಏನು ಕಳಿಸಿದೆವು, ದೂರು ಏನು, ನಾವು ಏನು ಮಾಡಲು ಒಪ್ಪಿದೆವು. ನಾಲ್ಕು ಸುತ್ತು ವಾಗ್ವಾದ ನಡೆಸಿದರೆ ಓದುವವರು ಇಬ್ಬರನ್ನೂ ನಂಬುವುದಿಲ್ಲ.

ಇನ್ನು ಸಿಹಿಮಾತಿನವರು. ಇವರನ್ನು ಗಿರಾಕಿ ಎನ್ನುವುದೂ ತಪ್ಪು. ಹೇಗೆ ಬರುತ್ತಾರೆ ನೋಡಿ. ಸಂದೇಶ ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ. ಬಣ್ಣ ಕೇಳುವುದಿಲ್ಲ. ದಡಿಯ ನಮೂನೆ ಗೋಮಿಯೋ ಚಿಕ್ಕಿ ಪರಾಸವೋ ಎಂದು ಕೇಳುವುದಿಲ್ಲ. ರೇಷ್ಮೆಯೋ ಎಂದೂ ಕೇಳುವುದಿಲ್ಲ. ಹೇಳಿದ ಬೆಲೆಗೆ ತಕ್ಷಣ ಒಪ್ಪಿಗೆ. "ನಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಸಹೋದ್ಯೋಗಿ ಬಂದು ಒಯ್ಯುತ್ತಾನೆ" ಎಂದು ಸಮವಸ್ತ್ರದ ಫೋಟೊ ಇರುವ ಗುರುತಿನ ಚೀಟಿ ಕಳಿಸುತ್ತಾರೆ. ಆಮೇಲೆ ಕ್ಯೂಆರ್ ಕೋಡ್ ಕಳಿಸಿ, "ಇದನ್ನು ಸ್ಕ್ಯಾನ್ ಮಾಡಿ, ಹಣ ಬರುತ್ತದೆ, ಮೊದಲು ಒಂದು ರೂಪಾಯಿ ಪರೀಕ್ಷೆಗೆ" ಎನ್ನುತ್ತಾರೆ. ಉದ್ದಕ್ಕೂ ಅವಸರ, ಫೋನ್ ಇಡಲು ಬಿಡುವುದಿಲ್ಲ. ನಮ್ಮ ಭಾಗದಿಂದ ಸೇನೆಗೆ ಹೋದ ಹುಡುಗರು ಬೇಕಾದಷ್ಟು ಜನ ಇದ್ದಾರೆ, ಹೆಂಡತಿಗೆ, ಅವ್ವನಿಗೆ ಸೀರೆ ತರಿಸುತ್ತಾರೆ. ನಾನು ಕಂಡಂತೆ ಅವರಷ್ಟು ಗಟ್ಟಿಯಾಗಿ ಚೌಕಾಶಿ ಮಾಡುವವರು ಬೇರೆ ಇಲ್ಲ!

ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಯುಪಿಐನಲ್ಲಿ ಹಣದ ಕೋರಿಕೆ ಕಳಿಸುವ ಸೌಲಭ್ಯವನ್ನು ಇಂಥ ವಂಚನೆಗಳ ಕಾರಣಕ್ಕೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಕಳ್ಳರು ಸುಮ್ಮನೆ ಕೂರಲಿಲ್ಲ. ಸುಳ್ಳು ಪಾವತಿಯ ಚಿತ್ರ ಕಳಿಸುವುದು, ಬ್ಯಾಂಕಿನಿಂದ ಬಂದಂತೆ ಕಾಣುವ ಎಸ್‌ಎಂಎಸ್ ಹಾಕಿ "ಮೂರು ಸಾವಿರದ ಬದಲು ಕೈತಪ್ಪಿ ಮೂವತ್ತು ಸಾವಿರ ಹೋಯಿತು, ಉಳಿದದ್ದನ್ನು ವಾಪಸ್ ಹಾಕಿ, ಆಸ್ಪತ್ರೆಯಲ್ಲಿದ್ದೇನೆ" ಎಂದು ಅಳುವುದು ಚಾಲ್ತಿಯಲ್ಲಿದೆ. ಆ ಎಸ್‌ಎಂಎಸ್ ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದಿದ್ದರೆ ಅಲ್ಲೇ ಸುಳ್ಳು ಬಯಲಾಯಿತು. ಏನೇ ಬರಲಿ, ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಖಾತೆಯಲ್ಲಿರುವ ಮೊತ್ತ ನೋಡಿ, ಆಮೇಲೆ ಪಾರ್ಸೆಲ್ ಕಟ್ಟಿ. ಹಣ ಹೋಯಿತು ಎಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಕಳ್ಳರು ಹಣವನ್ನು ಬೇರೆ ಖಾತೆಗಳಿಗೆ ಹಂಚುವ ಮೊದಲೇ ತಡೆಹಿಡಿಯಬೇಕು. ಮನೆಯವರು ಏನೆನ್ನುತ್ತಾರೋ ಎಂದು ಅಂಜಿ ಸಂಜೆಯವರೆಗೆ ಕಾದವರಿಗೆ ಹಣ ಮರಳುವುದು ಕಷ್ಟ.

ಕೊನೆಗೆ ಸಭೆಯಲ್ಲಿ ಒಬ್ಬ ತಂಗಿ ಎದ್ದು ಕೇಳಿದರು: "ಸೀರೆ ಕೊಳ್ಳುವ ನೆಪದಲ್ಲಿ ರಾತ್ರಿ ಹನ್ನೊಂದಕ್ಕೆ ವಿಡಿಯೊ ಕರೆ ಮಾಡುತ್ತಾರೆ, ಬೇಡದ ಮಾತಾಡುತ್ತಾರೆ. ಮನೆಯಲ್ಲಿ ಹೇಳಿದರೆ ವ್ಯಾಪಾರವನ್ನೇ ಬಿಡಿಸುತ್ತಾರೆ. ಏನು ಮಾಡಲಿ?"

ಇದಕ್ಕೆ ಸಭ್ಯತೆಯ ಉತ್ತರ ಬೇಕಿಲ್ಲ. ಅಂಥವರಿಗೆ ವಿವರಣೆ ಕೊಡದೆ ಬ್ಲಾಕ್ ಮಾಡಿ. ಮಾಡುವ ಮೊದಲು ಸಂದೇಶಗಳ ಮತ್ತು ನಂಬರಿನ ಚಿತ್ರ ತೆಗೆದಿಡಿ, ಪೊಲೀಸರಿಗೆ ದೂರು ಕೊಡಬೇಕಾದರೆ ಬೇಕಾಗುತ್ತದೆ. ವ್ಯಾಪಾರಕ್ಕೆ ಬೇರೆ ಸಿಮ್ ಇಡಿ, ಅದರ ವಾಟ್ಸ್‌ಆ್ಯಪ್‌ಗೆ ನಿಮ್ಮ ಮುಖದ ಬದಲು ಸೀರೆಯ ಚಿತ್ರ ಹಾಕಿ. ಉತ್ತರಿಸುವ ಸಮಯ ಬೆಳಿಗ್ಗೆ ಹತ್ತರಿಂದ ಸಂಜೆ ಏಳು ಎಂದು ಬರೆದು, ಆಮೇಲೆ ಆ ಫೋನನ್ನು ಬಂದ್ ಮಾಡಿ. ವಿಡಿಯೊ ಕರೆಗೆ ಒಪ್ಪಲೇಬೇಕು ಎಂದೇನೂ ಇಲ್ಲ. ಸೀರೆಯ ವಿಡಿಯೊ ಮಾಡಿ ಕಳಿಸಿದರೆ ಸಾಕು.

"ಪಾರ್ಸೆಲ್ ಮೇಲೆ ಮನೆಯ ವಿಳಾಸ ಬರೆಯಬೇಕಲ್ಲ?" ಎಂದು ಅವರೇ ಮತ್ತೆ ಕೇಳಿದರು. ಕಳಿಸುವವರ ವಿಳಾಸವಿಲ್ಲದಿದ್ದರೆ ತಲುಪದ ಪಾರ್ಸೆಲ್ ಹಿಂದಿರುಗುವುದಿಲ್ಲ, ಆದ್ದರಿಂದ ಬರೆಯಲೇಬೇಕು. ಆದರೆ ಅದು ನಿಮ್ಮ ಮನೆಯದೇ ಆಗಬೇಕಿಲ್ಲ. ನಿಮ್ಮ ಸಂಘಕ್ಕೆ ಕಚೇರಿ ಇದೆ, ಅಲ್ಲಿ ಹಗಲು ಯಾರಾದರೂ ಇರುತ್ತಾರೆ. ಎಲ್ಲರೂ ಅದೇ ವಿಳಾಸ, ಅದೇ ವ್ಯಾಪಾರದ ನಂಬರು ಹಾಕಿ ಕಳಿಸಿ. ಹಿಂದಿರುಗಿದ ಪಾರ್ಸೆಲ್ ಯಾರದೆಂದು ತಿಳಿಯಲು ವಿಳಾಸದ ಕೊನೆಗೆ ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟುಕೊಂಡರಾಯಿತು. ಸಂಘದ ಅಧ್ಯಕ್ಷರು ಇಲ್ಲೇ ಇದ್ದಾರೆ. ಸಭೆ ಮುಗಿದ ಮೇಲೆ ಎದ್ದು ಹೋಗುವ ಮೊದಲು ಸಂಖ್ಯೆ ಹಂಚಿಕೊಂಡುಬಿಡಿ.